ಗೆಲ್ಲುವವರಿಗೇ ಕರೆಯೋಲೆ

ಸುಗ್ಗಿ ಮುಗಿದು ಗದ್ದೆಯ ಕೂಳೆ ಒಣಗಿತೆಂದರೆ ಮಲೆನಾಡಿನ ಸೆರಗಿನ ಊರುಗಳಲ್ಲಿ ಪಂದ್ಯಗಳ ಕಾಲ. ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಂಥ ಊರಿನಲ್ಲಿ ವಾಲಿಬಾಲೋ ಕಬಡ್ಡಿಯೋ ಒಂದು ಪಂದ್ಯವನ್ನು ಏರ್ಪಡಿಸಬೇಕೆಂದು ಹುಡುಗರು ಕಲೆತರೆ, ಬಹುಮಾನ ಎಷ್ಟೆಂಬುದಕ್ಕಿಂತ ಮೊದಲು ಏಳುವ ಪ್ರಶ್ನೆ ಬೇರೊಂದು: ಯಾವ ಊರಿನ ತಂಡವನ್ನು ಕರೆಯುವುದು? ಸುಲಭವಾಗಿ ಸೋಲುವವರನ್ನು ಕರೆದರೆ ಬಹುಮಾನದ ಬಟ್ಟಲು ಊರಿನಲ್ಲೇ ಉಳಿದೀತು. ಆದರೆ ನೋಡಲು ಜನ ಬಾರರು. ಸೊರಬದ ಕಡೆಯಿಂದ ಬಲವಾದ ತಂಡವೊಂದು ಬರುತ್ತದೆಂದು ಗೊತ್ತಾದರೆ ಸುತ್ತಲ ಹಳ್ಳಿಗಳೆಲ್ಲ ನೆರೆಯುತ್ತವೆ. ತಮ್ಮನ್ನು ಸೋಲಿಸಬಲ್ಲವರಿಗೆ ತಾವೇ ಕರೆಯೋಲೆ ಕಳುಹಿಸಿ, ಊಟವಿಕ್ಕಿ, ಸೋತು, ಆದರದಿಂದ ಬೀಳ್ಕೊಡುವ ಈ ಪದ್ಧತಿ ಮೇಲುನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಆಟದ ಲೋಕದಲ್ಲಿ ಇದಕ್ಕಿಂತ ವಿವೇಕದ ಪದ್ಧತಿ ಇನ್ನೊಂದಿಲ್ಲ.

ಈ ನೆಲಕ್ಕೆ ಅದು ಹೊಸತೂ ಅಲ್ಲ. ಇದೇ ತಾಲ್ಲೂಕಿನ ಬಳ್ಳಿಗಾವೆಯಲ್ಲಿದ್ದ ಕೋಡಿಯ ಮಠವು ವೇದ, ವ್ಯಾಕರಣ, ದರ್ಶನಗಳ ಪಾಠದ ನೆಲೆಯಾಗಿದ್ದುದಲ್ಲದೆ, ನಾನಾ ದೇಶಗಳಿಂದ ಬಂದವರಿಗೆ ಅನ್ನವಿಕ್ಕುವ ತಾಣವೂ ಆಗಿತ್ತೆಂದು ೧೧೬೨ರ ಶಾಸನ ಕೊಂಡಾಡುತ್ತದೆ. ಬಲ್ಲವರು ಬಂದುಹೋಗುವ ಊರಿನಲ್ಲಿ ಊರಿನವರೂ ಬಲ್ಲವರಾಗುತ್ತಾರೆ.

ಈ ಮಾತಿಗೆ ನಮ್ಮ ಕಾಲದ ಒಂದು ದೊಡ್ಡ ನಿದರ್ಶನವನ್ನು ಬಾಸ್ಕೆಟ್‌ಬಾಲ್ ಆಟ ಒದಗಿಸಿದೆ. ಈ ಆಟ ಹುಟ್ಟಿದ್ದು ೧೮೯೧ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ೧೦ ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿದರು. ಬುಟ್ಟಿಯ ಸ್ಥಾನಕ್ಕೆ ಕಬ್ಬಿಣದ ಬಳೆ ಬಂದರೂ ಎತ್ತರ ಮಾತ್ರ ಇಂದಿಗೂ ಅಷ್ಟೇ ಇದೆ. ಆಟ ಲೋಕವನ್ನೆಲ್ಲ ಸುತ್ತಿತು. ಆದರೆ ಅದರ ಅತ್ಯುತ್ತಮ ಆಟಗಾರರು ಅಮೆರಿಕದ ಎನ್‌ಬಿಎ ಎಂಬ ವೃತ್ತಿಪರ ಸಂಘದೊಳಗೇ ಉಳಿದರು. ಆ ಸಂಘದವರು ಒಲಿಂಪಿಕ್ಸ್‌ನಲ್ಲಿ ಆಡುವಂತಿರಲಿಲ್ಲ. ಉಳಿದ ಲೋಕ ತನ್ನ ಪಾಡಿಗೆ ತಾನು ಆಡುತ್ತಿತ್ತು. ತನ್ನ ನಿಜವಾದ ಅಳತೆ ಎಷ್ಟೆಂಬುದು ಮಾತ್ರ ಅದಕ್ಕೆ ತಿಳಿದಿರಲಿಲ್ಲ.

ಈ ಗೋಡೆಯನ್ನು ಒಡೆಯಲು ಹೊರಟವರು ಬೋರಿಸ್ ಸ್ಟಾಂಕೋವಿಚ್. ಓದಿನಿಂದ ಪಶುವೈದ್ಯರು, ಬೆಲ್‌ಗ್ರೇಡಿನಲ್ಲಿ ಮಾಂಸ ತಪಾಸಣೆಯ ಕೆಲಸ ಮಾಡಿದವರು, ಮುಂದೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯಾದ ಫಿಬಾದ ಪ್ರಧಾನ ಕಾರ್ಯದರ್ಶಿಯಾದರು. ಒಂದು ಆಟದಲ್ಲಿ ಎಲ್ಲರಿಗಿಂತ ಬಲ್ಲವರನ್ನೇ ಹೊರಗಿಟ್ಟು ಜಗತ್ತಿನ ಪಂದ್ಯ ನಡೆಸುವುದು ಆತ್ಮವಂಚನೆಯೆಂದು ಅವರು ತಿಳಿದಿದ್ದರು. ಎನ್‌ಬಿಎಯ ಮುಖ್ಯಸ್ಥ ಡೇವಿಡ್ ಸ್ಟರ್ನ್ ಅವರೊಡನೆ ಕೂಡಿ ಅವರು ರೂಪಿಸಿದ ಆಹ್ವಾನ ಪಂದ್ಯಾವಳಿ ೧೯೮೭ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಆರಂಭವಾಯಿತು. ಹಣ ಕೊಟ್ಟ ಆಹಾರದ ಕಂಪನಿಯ ಹೆಸರಿನಿಂದ ಅದು ಮ್ಯಾಕ್‌ಡೊನಾಲ್ಡ್ಸ್ ಪಂದ್ಯಾವಳಿಯೆಂದೇ ಪ್ರಸಿದ್ಧವಾಯಿತು. ಮೊದಲ ವರ್ಷ ಬಂದ ತಂಡಗಳು ಮೂರೇ: ಮಿಲ್ವಾಕಿಯದೇ ಆದ ಬಕ್ಸ್, ಇಟಲಿಯ ಮಿಲಾನಿನ ಕ್ಲಬ್ಬು ಮತ್ತು ಸೋವಿಯತ್ ರಾಷ್ಟ್ರೀಯ ತಂಡ. ಮುಂದೆ ಅದು ಮ್ಯಾಡ್ರಿಡ್, ರೋಮ್, ಬಾರ್ಸಿಲೋನ, ಪ್ಯಾರಿಸ್, ಮ್ಯೂನಿಕ್, ಲಂಡನ್‌ಗಳನ್ನು ಸುತ್ತಿ, ಮತ್ತೊಮ್ಮೆ ಪ್ಯಾರಿಸ್ಸಿಗೆ ಹೋಗಿ, ೧೯೯೯ರಲ್ಲಿ ಮಿಲಾನಿನಲ್ಲಿ ಕೊನೆಗೊಂಡಿತು.

ಒಂಬತ್ತು ಸಲ ನಡೆದ ಈ ಪಂದ್ಯಾವಳಿಯನ್ನು ಒಂಬತ್ತು ಸಲವೂ ಎನ್‌ಬಿಎ ತಂಡವೇ ಗೆದ್ದಿತು. ಹಾಗಾದರೆ ಉಳಿದವರು ಪಡೆದುದೇನು? ಅಂತರವನ್ನು ನೋಡಬೇಕು. ೧೯೯೧ರ ಪ್ಯಾರಿಸ್ಸಿನ ಅಂತಿಮ ಪಂದ್ಯದಲ್ಲಿ ಮ್ಯಾಜಿಕ್ ಜಾನ್ಸನ್ ಆಡುತ್ತಿದ್ದ ಲಾಸ್ ಏಂಜಲೀಸ್ ಲೇಕರ್ಸ್ ತಂಡ ಸ್ಪೇನಿನ ಹೊವೆಂತುತ್ ಕ್ಲಬ್ಬನ್ನು ಸೋಲಿಸಿದುದು ೧೧೬–೧೧೪ರಿಂದ. ಎಂದರೆ ಕೇವಲ ಒಂದು ಬುಟ್ಟಿಯ ಅಂತರದಿಂದ. ದೇವರೆಂದು ದೂರದಿಂದ ಕೈಮುಗಿದವರ ಭುಜಕ್ಕೆ ಭುಜ ತಾಗಿಸಿ ಓಡಿದ ಮೇಲೆ, ಅವರೂ ಬೆವರುತ್ತಾರೆಂಬುದು ತಿಳಿಯದೆ ಇರದು.

ತಿಳಿದುದರ ಫಲ ತಡವಾಗಿ ಬಂದಿತು, ಆದರೆ ಬಂದಿತು. ೧೯೮೯ರಲ್ಲಿ ಮ್ಯೂನಿಕ್ಕಿನಲ್ಲಿ ಸೇರಿದ ಫಿಬಾ ಸಭೆ ೫೬ ಮತಗಳಿಗೆ ೧೩ರಂತೆ ವೃತ್ತಿಪರರಿಗೆ ಒಲಿಂಪಿಕ್ಸ್‌ನ ಬಾಗಿಲು ತೆರೆಯಿತು. ೧೯೯೭ರ ಪ್ಯಾರಿಸ್ ಪಂದ್ಯಾವಳಿಗೆ ಆಹ್ವಾನಿತವಾಗಿದ್ದ ಕ್ಲಬ್ಬುಗಳಲ್ಲಿ ಅರ್ಜೆಂಟೀನದ ಅತೇನಾಸ್ ಒಂದು. ಫ್ಯಾಬ್ರಿಸಿಯೊ ಒಬರ್ಟೊ ಎಂಬ ತರುಣ ಅದರ ಆಟಗಾರ. ಐದು ವರ್ಷಗಳ ಬಳಿಕ, ೨೦೦೨ರ ವಿಶ್ವ ಪಂದ್ಯಾವಳಿಯಲ್ಲಿ, ಎನ್‌ಬಿಎ ಆಟಗಾರರಿಂದಲೇ ಕೂಡಿದ ಅಮೆರಿಕದ ತಂಡವನ್ನು ಅಮೆರಿಕದ ನೆಲದಲ್ಲೇ ಅರ್ಜೆಂಟೀನ ೮೭–೮೦ರಿಂದ ಸೋಲಿಸಿತು. ಅಂಥ ತಂಡಕ್ಕೆ ಅದು ಮೊದಲ ಸೋಲು. ೨೦೦೪ರಲ್ಲಿ ಅಥೆನ್ಸಿನ ಒಲಿಂಪಿಕ್ ಸುವರ್ಣವೂ ಅರ್ಜೆಂಟೀನಕ್ಕೇ ಒಲಿಯಿತು. ಎರಡು ತಂಡಗಳಲ್ಲೂ ಒಬರ್ಟೊ ಇದ್ದ. ಇಷ್ಟೆಲ್ಲಕ್ಕೂ ಒಂದು ಪಂದ್ಯಾವಳಿಯೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆಹ್ವಾನಿಸಿದವರ ಕಣ್ಣು ಮಾರುಕಟ್ಟೆಯ ಮೇಲೂ ಇದ್ದಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಬಲ್ಲವರೊಡನೆ ಆಡದೆ ಬಲ್ಲವರನ್ನು ಗೆದ್ದವರಿಲ್ಲ.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪದ ದೃಶ್ಯ ಕಂಡುಬಂದುದು ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ. ಅದು ಕ್ಲಬ್ಬುಗಳ ಆಹ್ವಾನ ಪಂದ್ಯವಲ್ಲ, ರಾಷ್ಟ್ರಗಳ ನಡುವಣ ಮಹಿಳಾ ಏಷ್ಯಾ ಕಪ್. ಪಾಠ ಮಾತ್ರ ಅದೇ. ೨೦೧೭ರ ಜುಲೈಯಲ್ಲಿ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತದ ಹೆಣ್ಣುಮಕ್ಕಳು ಕಜಾಕಸ್ತಾನವನ್ನು ೭೫–೭೩ರಿಂದ ಗೆದ್ದು ಮೊದಲನೆಯ ವಿಭಾಗಕ್ಕೇರಿದರು. ೨೦೧೯ರಲ್ಲಿ ಅದೇ ಅಂಗಣದಲ್ಲಿ ಜಪಾನ್, ಕೊರಿಯಗಳಂಥವರ ಎದುರು ನಿಂತಾಗ ಆಡಿದ ಪಂದ್ಯಗಳನ್ನೆಲ್ಲ ಸೋತು ಎಂಟನೆಯ, ಎಂದರೆ ಕಡೆಯ, ಸ್ಥಾನಕ್ಕಿಳಿದರು. ಎರಡು ವರ್ಷಗಳ ಹಿಂದಿನ ಹರ್ಷವನ್ನು ನೆನೆದವರಿಗೆ ಅದು ಕಹಿಯಾಗಿಯೇ ಕಂಡಿತು. ಆದರೆ ಏಷ್ಯದಲ್ಲಿ ತಾವೆಲ್ಲಿದ್ದೇವೆಂಬುದನ್ನು ಆ ಗೆಲುವಿಗಿಂತ ಸ್ಪಷ್ಟವಾಗಿ ಹೇಳಿದುದು ಈ ಸೋಲೇ.

ಕೊರತೆಯಿರುವುದು ಸೋತುದರಲ್ಲಿ ಅಲ್ಲ; ಮತ್ತೆ ಮತ್ತೆ ಹೋಗಿ ಆಡಲು ನೆಲೆಯಿಲ್ಲದುದರಲ್ಲಿ. ಮಿಲಾನ್, ಬಾರ್ಸಿಲೋನಗಳಲ್ಲಿ ಊರಿನ ಹೆಸರನ್ನು ಹೊತ್ತ ಕ್ಲಬ್ಬುಗಳು ಉಂಟು. ಕರೆಯೋಲೆ ಬಂದರೆ ಬರುವುದು ಅವಕ್ಕೆ. ನಮ್ಮಲ್ಲಿ ೨೦೧೫ರಲ್ಲಿ ಆರಂಭವಾದ ಯುಬಿಎ ಎಂಬ ವೃತ್ತಿಪರ ಲೀಗಿನಲ್ಲಿ ‘ಬೆಂಗಳೂರು ಬೀಸ್ಟ್’ ಎಂಬ ತಂಡವಿದ್ದಿತು. ೨೦೧೭ರ ಬಳಿಕ ಆ ಲೀಗೇ ನಿಂತುಹೋಯಿತು.

ತೊಗರ್ಸಿಯ ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವ ಎತ್ತರದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಇವಳ ಎತ್ತರಕ್ಕೆ ಗಂಡನ್ನು ಎಲ್ಲಿಂದ ತರುವುದೆಂದು ಅಜ್ಜಿ ಕೊರಗುತ್ತಾಳೆ. ಆ ಎತ್ತರ ಒಂದು ವರವೆಂದು ಹೇಳುವ ಉಪಾಧ್ಯಾಯರು ದೊರೆತರೆ ಅವಳು ಸರ್ಕಾರದ ಕ್ರೀಡಾ ವಸತಿನಿಲಯವನ್ನು ಸೇರಿಯಾಳು. ಚೆನ್ನಾಗಿ ಆಡಿದರೆ ರೈಲ್ವೆಯಲ್ಲೊಂದು ನೌಕರಿಯೂ ಸಿಕ್ಕೀತು. ಅದು ಸಣ್ಣ ಮಾತಲ್ಲ; ಒಂದು ಸಂಸಾರ ಅದರಿಂದ ನೆಲೆ ನಿಲ್ಲುತ್ತದೆ. ಆದರೆ ಆಟವೇ ವೃತ್ತಿಯಾಗಿ, ತನಗಿಂತ ಬಲ್ಲವರ ಎದುರು ವರ್ಷವೆಲ್ಲ ನಿಲ್ಲುವ ಅವಕಾಶ ಅವಳಿಗೆ ಯಾವ ಊರಿನ ಹೆಸರಿನಲ್ಲಿ ಬರಬೇಕು?

ಹಳ್ಳಿಯ ಹುಡುಗರು ಬಲವಾದ ತಂಡವನ್ನೇ ಕರೆಯುತ್ತಾರೆ. ಪಂದ್ಯ ಸೋತ ರಾತ್ರಿ, ಕಂಬಗಳನ್ನು ಕೀಳುತ್ತ, ಬಲೆ ಮಡಿಸುತ್ತ ಅವರು ಮಾತನಾಡುವುದು ಒಂದೇ ವಿಷಯ: ಮುಂದಿನ ವರ್ಷ ಅವರನ್ನೇ ಮತ್ತೆ ಕರೆಯಬೇಕು. ನಗರಗಳ ದೊಡ್ಡವರು ಅವರಿಂದ ಕಲಿಯಬೇಕಾದುದು ಇಷ್ಟೇ.