ಎಂಜಿನಿಯರ್ ಮೇಯರ್, ನಮ್ಮ ನೀರ್ ಸಾಬ್
ಫಿಲಿಪ್ಪೀನ್ಸಿನ ನಾಗಾ ನಗರಕ್ಕೆ ಜೆಸ್ಸಿ ರೊಬ್ರೆಡೊ ಎಂಬ ಎಂಜಿನಿಯರ್ 1988ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಮೇಯರ್ ಆದರು. ನಗರಸಭೆಯ ಸಮಿತಿಗಳಲ್ಲಿ ಜನಸಂಘಟನೆಗಳಿಗೂ ಜಾಗ ಕೊಟ್ಟರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಮೇಯರ್ ಆದ ಅದೇ 1988ರಲ್ಲಿ, ಅವರಂತೆಯೇ ಅಧಿಕಾರವನ್ನು ಜನರೊಂದಿಗೆ ಹಂಚಿಕೊಂಡ ಅಬ್ದುಲ್ ನಜೀರ್ ಸಾಬ್ ಅವರನ್ನು ನಾವು ಕಳೆದುಕೊಂಡೆವು. ನಮ್ಮ ಹಂಗಳದಿಂದ ಬಸ್ಸು ಹತ್ತಿದರೆ ಅವರ ಊರು ಗುಂಡ್ಲುಪೇಟೆ ಏನು ಮಹಾ ದೂರ! ಅವರೇನೂ ಎಂಜಿನಿಯರ್ ಅಲ್ಲ. ಆದರೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಬರಗಾಲದ ಊರೂರಿಗೆ ಬೋರ್‌ವೆಲ್ ಕೊರೆಸಿ, ಹೆಂಗಸರು ದೂರದಿಂದ ತಲೆಯ ಮೇಲೆ ಹೊತ್ತು ತರುತ್ತಿದ್ದ ಕೊಡದ ಭಾರ ಇಳಿಸಿ ‘ನೀರ್ ಸಾಬ್’ ಆದರು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅವರು ತಂದ 1983ರ ಪಂಚಾಯತ್ ಕಾಯ್ದೆ. 1987ರ ಚುನಾವಣೆಯೊಂದಿಗೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಕೆಲಸ ಶುರುಮಾಡಿದವು, ಮಹಿಳೆಯರಿಗೆ ಶೇ. 25ರಷ್ಟು ಸ್ಥಾನವೂ ಸಿಕ್ಕಿತು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ! ತನ್ನ ಕೈಯ ಅಧಿಕಾರವನ್ನು ಕೆಳಗಿನವರಿಗೆ ಬಿಟ್ಟುಕೊಡುವ ಮಂತ್ರಿ ಸಿಗುವುದು (ಈಗಂತೂ ಹುಡುಕಿದರೂ) ಅಪರೂಪ. ಪಂಚಾಯತಿಯವರಿಗೆ ತರಬೇತಿ ಕೊಡುವ ಮೈಸೂರಿನ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ. ಹಂಗಳ ಪಂಚಾಯತಿಯ ಸದಸ್ಯರೇ, ತರಬೇತಿಗೆ ಹೋದಾಗ ‘ಈ ಸಾಬರು ನಮ್ಮ ತಾಲ್ಲೂಕಿನವರು’ ಎಂದು ಗಟ್ಟಿಯಾಗಿ ಹೇಳಿ ಬನ್ನಿ.