ಸರ್ಕಾರಿ ಶಾಲೆಗೆ ಕರೆಂಟ್ ಫ್ರೀ ಆಯ್ತು, ಕರೆಂಟ್ ಉಳಿಸುವ ಫ್ಯಾನಿಗೆ ದುಡ್ಡು ಯಾರು ಕೊಡಬೇಕು?

ರಾಯಚೂರು: ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಯರಮರಸ್‌ನ ವೈಟಿಪಿಎಸ್ 1,600 ಮೆಗಾವ್ಯಾಟ್. ಇಡೀ ರಾಜ್ಯಕ್ಕೆ ಬೆಳಕು ಕೊಡುವ ಜಿಲ್ಲೆ ನಮ್ಮದು ಅಂತ ಹೇಳಿಕೊಳ್ಳುತ್ತೇವೆ. ಅದೇ ಜಿಲ್ಲೆಯ ಸರ್ಕಾರಿ ಶಾಲೆಗಳ ಮಕ್ಕಳು ಮಾರ್ಚ್ ಬಿಸಿಲಲ್ಲಿ ಕಾದ ಛಾವಣಿಯ ಕೆಳಗೆ ಕುಳಿತು ಪರೀಕ್ಷೆ ಬರೆಯುತ್ತಾರೆ.

2023ರ ಕನ್ನಡ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಘೋಷಿಸಿದರು. ರಾಜ್ಯದ 46 ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಇದು ಒಳ್ಳೆಯ ಸುದ್ದಿಯೇ. ಬಿಲ್ ಬಾಕಿ, ಲೈನ್ ಕಟ್ ಎಂಬ ಚಿಂತೆ ಹೆಡ್‌ಮಾಸ್ಟರ್ ತಲೆಯಿಂದ ಇಳಿಯಿತು. ಆದರೆ ಈ ಘೋಷಣೆ ಬಳಸಿದ ಕರೆಂಟಿಗೆ ದುಡ್ಡು ಕೊಡುತ್ತದೆ, ಬಳಕೆ ಕಡಿಮೆ ಮಾಡುವುದಕ್ಕೆ ಕೊಡುವುದಿಲ್ಲ. ಸಮಸ್ಯೆ ಇರುವುದು ಇಲ್ಲೇ.

ಒಂದು ಶಾಲೆಯ ಲೆಕ್ಕ

ಆರು ಕೋಣೆಯ ಒಂದು ಶಾಲೆ ತಗೊಳ್ಳಿ. ಕೋಣೆಗೆ ಎರಡು ಫ್ಯಾನ್, ಎರಡು ಟ್ಯೂಬ್‌ಲೈಟ್. ಹಳೇ ಫ್ಯಾನ್ ಸುಮಾರು 75 ವ್ಯಾಟ್, ಚೋಕ್ ಇರುವ ಹಳೇ ಟ್ಯೂಬ್ ಸುಮಾರು 50 ವ್ಯಾಟ್ ತಿನ್ನುತ್ತದೆ. ಎಲ್ಲಾ ಸೇರಿ 1,500 ವ್ಯಾಟ್. ದಿನಕ್ಕೆ ಆರು ತಾಸು ಓಡಿದರೆ 9 ಯುನಿಟ್.

ಇವುಗಳ ಬದಲು ಸುಮಾರು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್, 20 ವ್ಯಾಟಿನ ಎಲ್‌ಇಡಿ ಹಾಕಿ. 9 ಯುನಿಟ್ ಇದ್ದದ್ದು 3.6ಕ್ಕೆ ಇಳಿಯುತ್ತದೆ. ಗಾಳಿಯೂ ಅಷ್ಟೇ, ಬೆಳಕೂ ಅಷ್ಟೇ. ವರ್ಷಕ್ಕೆ 220 ದಿನ ಶಾಲೆ ಅಂದುಕೊಂಡರೆ ಹತ್ತಿರ ಹತ್ತಿರ 1,200 ಯುನಿಟ್ ಉಳಿತಾಯ. ಯುನಿಟ್‌ಗೆ 7 ರೂಪಾಯಿ ಹಿಡಿದರೂ 8 ಸಾವಿರ ರೂಪಾಯಿ ದಾಟುತ್ತದೆ. ಫ್ಯಾನಿಗೆ 3 ಸಾವಿರ, ಲೈಟಿಗೆ 300ರಂತೆ ಲೆಕ್ಕ ಹಾಕಿದರೆ ಖರ್ಚು ಸುಮಾರು 40 ಸಾವಿರ. ಐದು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್.

ಆದರೆ ವಾಪಸ್ ಯಾರಿಗೆ? ಶಾಲೆಗೆ ಬಿಲ್ಲೇ ಇಲ್ಲ ಅಂದ ಮೇಲೆ ಶಾಲೆಗೆ ಉಳಿಯುವುದು ಏನೂ ಇಲ್ಲ. ಉಳಿಯುವುದು ಜೆಸ್ಕಾಂಗೆ ಬಿಲ್ ಕಟ್ಟುವ ಸರ್ಕಾರಕ್ಕೆ. ಲಾಭ ಸರ್ಕಾರದ್ದಾದರೆ ಬಂಡವಾಳವೂ ಸರ್ಕಾರದ್ದೇ ಆಗಬೇಕು.

ಈಗಿರುವ ಅನುದಾನ ಸಾಲುವುದಿಲ್ಲ

ಸಮಗ್ರ ಶಿಕ್ಷಣದಡಿ ಬರುವ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ ನಿಗದಿಯಾಗಿದೆ. 30 ಮಕ್ಕಳವರೆಗೆ ವರ್ಷಕ್ಕೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ. ಸೀಮೆಸುಣ್ಣ, ರಿಜಿಸ್ಟರ್, ಸ್ವಚ್ಛತೆ, ಸಣ್ಣಪುಟ್ಟ ರಿಪೇರಿ ಎಲ್ಲಾ ಇದರಲ್ಲೇ. 60 ಮಕ್ಕಳ ಶಾಲೆ 40 ಸಾವಿರದ ಫ್ಯಾನ್, ಲೈಟ್ ಎಲ್ಲಿಂದ ತರಬೇಕು?

ಪಿಎಂ ಶ್ರೀ ಯೋಜನೆಯಲ್ಲಿ ಸೋಲಾರ್, ಎಲ್‌ಇಡಿ ಸಮೇತ ‘ಹಸಿರು ಶಾಲೆ’ಗೆ ಅವಕಾಶ ಇದೆ. ಆದರೆ ಒಂದು ಬ್ಲಾಕ್‌ಗೆ ಹೆಚ್ಚೆಂದರೆ ಎರಡೇ ಶಾಲೆ. ಪಿಎಂ ಸೂರ್ಯಘರ್‌ನ 78 ಸಾವಿರ ರೂಪಾಯಿವರೆಗಿನ ಸಬ್ಸಿಡಿ ಮನೆಗಳಿಗೆ ಮಾತ್ರ, ಶಾಲೆಗಲ್ಲ. ಹೀಗಾಗಿ ಹಳ್ಳಿಯ ಸಾಮಾನ್ಯ ಕಿರಿಯ, ಹಿರಿಯ ಪ್ರಾಥಮಿಕ ಶಾಲೆಗಳು ಎಲ್ಲದರಿಂದಲೂ ಹೊರಗೆ.

ನಮ್ಮ ಭಾಗಕ್ಕೆ ಉಳಿದಿರುವ ದಾರಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಏಳು ಜಿಲ್ಲೆಗಳಿಗೆ ಸೇರಿ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ‘ಅಕ್ಷರ ಆವಿಷ್ಕಾರ’ದ ಹೆಸರಲ್ಲಿ ಶಿಕ್ಷಣಕ್ಕೆ ಮಂಡಳಿ ಪಾಲನ್ನೂ ಇಟ್ಟಿದೆ. ಮೇಲಿನ ಲೆಕ್ಕದಲ್ಲಿ ಸಾವಿರ ಶಾಲೆಗೆ ಬೇಕಾಗುವುದು 4 ಕೋಟಿ. 5,000 ಕೋಟಿಯಲ್ಲಿ ಇದು ಸಾವಿರಕ್ಕೆ ಒಂದು ಪಾಲೂ ಆಗುವುದಿಲ್ಲ.

ಮೊದಲು ಫ್ಯಾನ್, ಆಮೇಲೆ ಪ್ಯಾನೆಲ್

ಅನುದಾನ ಬಂದರೂ ಒಂದು ತಪ್ಪು ಆಗುವ ಸಾಧ್ಯತೆ ಇದೆ. ಸೋಲಾರ್ ಪ್ಯಾನೆಲ್ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಚೆನ್ನ. ಫ್ಯಾನ್ ಬದಲಿಸಿದರೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯುನಿಟ್ ಕೊಡುತ್ತದೆ. ಹಳೇ ಫ್ಯಾನ್ ಇರುವ ಶಾಲೆಗೆ 2 ಕಿಲೋವ್ಯಾಟ್‌ಗೂ ಹೆಚ್ಚು ಬೇಕು. ಫ್ಯಾನ್, ಲೈಟ್ ಬದಲಿಸಿದ ಶಾಲೆಗೆ 1 ಕಿಲೋವ್ಯಾಟ್ ಸಾಕು.

ಪ್ಯಾನೆಲ್ ಹಾಕುವಾಗ ಇನ್ನೊಂದು ಮಾತು. ಬ್ಯಾಟರಿ ಇಲ್ಲದ ನೆಟ್ ಮೀಟರ್ ವ್ಯವಸ್ಥೆಗೆ ಖರ್ಚು ಕಡಿಮೆ, ಬೇಸಿಗೆ ರಜೆಯಲ್ಲಿ ಉತ್ಪತ್ತಿಯಾದ ಕರೆಂಟ್ ಲೈನಿಗೆ ಹೋಗುತ್ತದೆ. ಆದರೆ ಊರಲ್ಲಿ ಕರೆಂಟ್ ಹೋದರೆ ಅದೂ ಬಂದ್ ಆಗುತ್ತದೆ. ಬ್ಯಾಟರಿ ಹಾಕಿದರೆ ಕೆಲವು ವರ್ಷಕ್ಕೊಮ್ಮೆ ಬದಲಿಸಲು ದುಡ್ಡು ಬೇಕು. ಎರಡರಲ್ಲಿ ಯಾವುದಾದರೂ ಸರಿ, ಕನಿಷ್ಠ ಐದು ವರ್ಷದ ನಿರ್ವಹಣೆ ಟೆಂಡರ್‌ನಲ್ಲೇ ಸೇರಬೇಕು. ಇಲ್ಲದಿದ್ದರೆ ಧೂಳು ಒರೆಸುವವರೂ ಇರುವುದಿಲ್ಲ.

ಛಾವಣಿಯನ್ನೂ ಮರೆಯುವಂತಿಲ್ಲ. ಆರ್‌ಸಿಸಿ ಮತ್ತು ತಗಡಿನ ಛಾವಣಿಗೆ ಬಿಳಿ ಶಾಖ ನಿರೋಧಕ ಬಣ್ಣ ಬಳಿದರೆ ಒಳಗಿನ ಕಾವು ಇಳಿಯುತ್ತದೆ. ಅದಕ್ಕೆ ಕರೆಂಟೇ ಬೇಡ.

‘ಕೋಣೆ ಇಲ್ಲ, ಮೇಷ್ಟ್ರಿಲ್ಲ, ಈಗ ಇದೆಲ್ಲಾ ಬೇಕಾ?’ ಅನ್ನುವ ಪ್ರಶ್ನೆ ಬರುತ್ತದೆ, ನ್ಯಾಯವೂ ಹೌದು. ಆದರೆ ಹೊಸ ಕೋಣೆ ಕಟ್ಟುವ ಎಸ್ಟಿಮೇಟ್‌ನಲ್ಲೇ ಬಿಎಲ್‌ಡಿಸಿ ಫ್ಯಾನ್, ಎಲ್‌ಇಡಿ, ಬಿಳಿ ಛಾವಣಿ, ಎದುರುಬದುರು ಕಿಟಕಿ ಸೇರಿಸಿದರೆ ಹೆಚ್ಚುವರಿ ಖರ್ಚು ಅಲ್ಪ. ಕಟ್ಟಿ ಮುಗಿಸಿದ ಮೇಲೆ ಬದಲಿಸುವುದೇ ದುಬಾರಿ.

ಏಪ್ರಿಲ್, ಮೇನಲ್ಲಿ ಬಿಸಿಲು ಜಾಸ್ತಿ ಅಂತ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಬಿಸಿಲು ನಿಜ ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯಿತು. ಅದೇ ಬಿಸಿಲು ಮಾರ್ಚ್‌ನಲ್ಲಿ ಮಕ್ಕಳ ಮೇಲೂ ಬೀಳುತ್ತದೆ.

ಎಸ್‌ಡಿಎಂಸಿಗಳು ಈಗಲೇ ಒಂದು ಕೆಲಸ ಮಾಡಬಹುದು. ಶಾಲೆಯಲ್ಲಿ ಎಷ್ಟು ಫ್ಯಾನ್ ಇವೆ, ಎಷ್ಟು ತಿರುಗುತ್ತವೆ, ಮೀಟರ್ ತಿಂಗಳಿಗೆ ಎಷ್ಟು ಯುನಿಟ್ ತೋರಿಸುತ್ತದೆ, ಛಾವಣಿ ಯಾವುದು ಎಂದು ಬರೆದು, ಸಭೆಯಲ್ಲಿ ನಡಾವಳಿ ಮಾಡಿ ಬಿಇಒ ಕಚೇರಿಗೂ ಶಾಸಕರಿಗೂ ಕೊಡಿ. ಮಂಡಳಿಯ ಕ್ರಿಯಾ ಯೋಜನೆ ತಯಾರಾಗುವ ಹೊತ್ತಿಗೆ ಆ ಕಾಗದ ಅವರ ಟೇಬಲ್ ಮೇಲೆ ಇರಲಿ.