ಪನೀರ್ ಟಿಕ್ಕಾ ಅಂದ್ರೇನೇ ಇಂಡಿಯಾನಾ ಸ್ವಾಮಿ?

'ಮನೆಯಲ್ಲೇ ಮಾಡಿ ಇಂಡಿಯನ್ ಸ್ಟೈಲ್ ಪಿಜ್ಜಾ' ಅಂತ ಯಾರಾದ್ರೂ ಶುರು ಮಾಡಿದ ತಕ್ಷಣ, ಮುಂದೆ ಏನು ಬರುತ್ತೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು. ಪನೀರ್ ಟಿಕ್ಕಾ. ಅದಾದ ಮೇಲೆ ತಂದೂರಿ ಚಿಕನ್, ಮಖನಿ ಸಾಸು, ಮೇಲೆ ಉದುರಿಸೋಕೆ ಕಸೂರಿ ಮೇಥಿ. ಅಲ್ಲಿಗೆ ಇಂಡಿಯಾ ಮುಗೀತು. ಪಂಜಾಬಿನವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರ ಊಟ ನನಗೂ ಇಷ್ಟ. ನನ್ನ ಜಗಳ ಇರೋದು ನಮ್ಮವರ ಜೊತೆ. ಮಂಡ್ಯ, ಹಾಸನ, ತುಮಕೂರಿಂದ ಬಂದು, ಬೆಂಗಳೂರಲ್ಲಿ ಫ್ಲಾಟ್ ಮಾಡಿ, ಇಎಂಐನಲ್ಲಿ ಓವನ್ ತಗೊಂಡು, ಮೊದಲ ಪಿಜ್ಜಾ ಮಾಡುವಾಗ ಢಾಬಾ ಮೆನು ತೆಗೆದು ನೋಡುವ ನಮ್ಮಂಥವರ ಜೊತೆ.

ನಾನು ಕೆ.ಆರ್. ಪೇಟೆ ತಾಲ್ಲೂಕು ಬೂಕನಕೆರೆಯವನು. ಒಮ್ಮೆ ಆಫೀಸಿನ ಪಾಟ್‌ಲಕ್‌ಗೆ ಹಿತಕಿದ ಅವರೆಬೇಳೆ ಹಾಕಿದ ಪಿಜ್ಜಾ ತಗೊಂಡು ಹೋಗಿದ್ದೆ. ಉತ್ತರದ ಹುಡುಗರು ಎರಡೆರಡು ಸ್ಲೈಸ್ ತಿಂದ್ರು. ಮೂಗು ಮುರಿದದ್ದು ನಮ್ಮ ಜಿಲ್ಲೆಯವನೇ ಒಬ್ಬ. 'ಗುರೂ, ಇದು ಫ್ಯೂಷನ್ ಅಲ್ಲ, ನಿನ್ನೆ ಮಿಕ್ಕಿದ್ದನ್ನ ಸುರಿದಿದ್ದೀಯ' ಅಂದ. ಪಿಜ್ಜಾ ಹುಟ್ಟಿದ್ದೇ ಹಾಗಲ್ವೇನಪ್ಪ? ನೇಪಲ್ಸ್ ಬೀದಿಗಳಲ್ಲಿ ಕೂಲಿಯವರು ನಿಂತುಕೊಂಡು ತಿಂತಿದ್ದ ಅಗ್ಗದ ಊಟ ಅದು. ಬೆಳ್ಳುಳ್ಳಿ, ಕೊಬ್ಬು, ಸಣ್ಣ ಮೀನು, ಕೈಗೆ ಸಿಕ್ಕಿದ್ದೇ ಟಾಪಿಂಗ್. ಆ ಪಿಜ್ಜಾ ಮಾಡುವ ಕಲೆಯನ್ನೇ 2017ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಬಡವರ ಊಟ ಪರಂಪರೆ, ನಮ್ಮದು ಮಿಕ್ಕಿದ್ದು!

ಇನ್ನೊಂದು ಗುಂಪು ಇದೆ, ಸಂಸ್ಕೃತಿ ಕಾಯೋರದ್ದು. 'ರಾಗಿ ತಿಂದು ಬೆಳೆದೋರಿಗೆ ಪಿಜ್ಜಾ ಯಾಕೆ' ಅಂತಾರೆ. ಸ್ವಾಮಿ, ರಾಗಿ ಬಂದಿದ್ದೇ ಪೂರ್ವ ಆಫ್ರಿಕಾದಿಂದ. ಸಾವಿರಾರು ವರ್ಷದ ಹಳೇ ಕತೆ ಬೇಡ ಅಂದ್ರೆ ಹತ್ತಿರದ್ದನ್ನೇ ಹೇಳ್ತೀನಿ. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಕ್ರಾಸ್ ಮಾಡಿ ಹೊಸ ತಳಿಗಳನ್ನು ಕೊಟ್ರು. ಅವುಗಳ ಹೆಸರೇ ಇಂಡಾಫ್. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ನಮ್ಮಪ್ಪನ ಕಾಲದ ರೈತರು ಅದನ್ನು ಬೆಳೆದು ಕಣ ತುಂಬಿಸಿದ್ರು. ನಿಮ್ಮ ಶುದ್ಧ ಮುದ್ದೆಯೇ ಫ್ಯೂಷನ್ ಆಗಿರುವಾಗ ಪಿಜ್ಜಾಗೆ ಯಾಕೆ ಗಲಾಟೆ? ಮೆಣಸಿನಕಾಯಿ, ಟೊಮೇಟೊ ಅಮೆರಿಕ ಖಂಡದಿಂದ ಬಂದಿದ್ದನ್ನು ನಾನು ಎತ್ತೋದೇ ಇಲ್ಲ ಬಿಡಿ.

ಇವರು ಸಾಕ್ಷಿಗೆ ರೈತ ಸಂಘವನ್ನೂ ಎಳೆದು ತರ್ತಾರೆ. 1996ರ ಜನವರಿ 30ರಂದು ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘದವರು ಬ್ರಿಗೇಡ್ ರಸ್ತೆಯ ಕೆಎಫ್‌ಸಿಗೆ ನುಗ್ಗಿದ್ದು ನಿಜ. ಗಾಜು ಒಡೆದದ್ದು ಸರಿ ಅಂತ ನಾನು ಹೇಳಲ್ಲ. ಆದ್ರೆ ಅದನ್ನು 'ವಿದೇಶಿ ತಿಂಡಿ ತಿನ್ನಬೇಡಿ' ಅನ್ನೋಷ್ಟಕ್ಕೆ ಇಳಿಸೋದು ಅವರಿಗೆ ಮಾಡೋ ಅನ್ಯಾಯ. ಬೀಜ ಯಾರದ್ದು, ಬೆಳೆ ಯಾರದ್ದು, ದುಡ್ಡು ಯಾರ ಜೇಬಿಗೆ ಅನ್ನೋದು ಅವರ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯನ್ನು ನಿಮ್ಮ ಮನೆ ಪಿಜ್ಜಾಗೆ ಕೇಳಿ ನೋಡಿ. ಸಾಸಿನ ಬಾಟಲಿ, ಆಲಿವ್ ಡಬ್ಬಿ, ಹಲಪೀನೊ, ಒರೆಗಾನೊ ಪುಡಿ ಎಲ್ಲಾ ಸೂಪರ್‌ಮಾರ್ಕೆಟ್ ಶೆಲ್ಫಿಂದ. ಬೆಲೆ ಬಿದ್ದ ವರ್ಷ ಟೊಮೇಟೊವನ್ನು ರೈತರು ರಸ್ತೆಗೆ ಸುರಿಯೋ ಫೋಟೋ ಷೇರ್ ಮಾಡಿ ಕಣ್ಣೀರು ಹಾಕೋ ನಾವು, ಅದೇ ಸಂಜೆ ಬಾಟಲಿ ಸಾಸಿಗೆ 150 ರೂಪಾಯಿ ಕೊಡ್ತೀವಿ.

ನಮ್ಮ ಕಡೆ ಮಳೆ ನಂಬಿದ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಅಂತ ಇರ್ತಿತ್ತು. ರಾಗಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಮನೆ ಸಾರು, ಚಟ್ನಿ, ಒಗ್ಗರಣೆಗೆ ವರ್ಷ ಪೂರ್ತಿ ಆ ಸಾಲೇ ಆಧಾರ. ಈಗ ಎಷ್ಟು ಹೊಲದಲ್ಲಿ ಅದು ಉಳಿದಿದೆ, ಹಬ್ಬಕ್ಕೆ ಊರಿಗೆ ಹೋದಾಗ ನೀವೇ ನೋಡಿ. ಹುಚ್ಚೆಳ್ಳು ಅಂದ್ರೆ ನಮ್ಮ ಮಕ್ಕಳು ಬೈಗುಳ ಅಂದುಕೊಳ್ತಾರೆ. ಕೇಳೋರು ಇಲ್ಲ, ಅದಕ್ಕೇ ಬಿತ್ತೋರೂ ಇಲ್ಲ. ಪಟ್ಟಣದಲ್ಲಿ ಸಂಬಳ ತಗೊಳ್ಳೋ ನಾವು ಕೇಳದೇ ಇದ್ರೆ ಇನ್ಯಾರು ಕೇಳಬೇಕು?

ನಾನು ಮಾಡೋದು ಹೀಗೆ. 300 ಗ್ರಾಂ ಮೈದಾ, 100 ಗ್ರಾಂ ರಾಗಿ ಹಿಟ್ಟು, ಅರ್ಧ ಟೀ ಚಮಚ ಡ್ರೈ ಈಸ್ಟ್, ಉಪ್ಪು, 260 ಎಂಎಲ್ ನೀರು. ಪೂರ್ತಿ ರಾಗಿಯಲ್ಲೇ ಮಾಡ್ತೀನಿ ಅಂತ ಹಟ ಮಾಡಬೇಡಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಿಟ್ಟು ಎಳೆದ್ರೆ ಹರಿಯುತ್ತೆ. ಪೂರ್ತಿ ರಾಗಿ ಬೇಕು ಅಂದ್ರೆ ರೊಟ್ಟಿ ತಟ್ಟಿ, ಅದಕ್ಕೆ ಅದರದ್ದೇ ಮರ್ಯಾದೆ ಇದೆ. ಹಿಟ್ಟು ರಾತ್ರಿಯಿಡೀ ಫ್ರಿಜ್ಜಲ್ಲಿ ಇರಲಿ. ಸಾಸಿನ ಜಾಗಕ್ಕೆ ಉಪ್ಸಾರಿನ ಖಾರ: ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು. ಗಟ್ಟಿಯಾಗಿ ರುಬ್ಬಿದ್ದು, ಸುಟ್ಟ ಟೊಮೇಟೊ ಜೊತೆ ಬೆರೆಸಿ ತೆಳ್ಳಗೆ ಸವರಿ. ಮೇಲೆ ಬೇಯಿಸಿ ನೀರು ಬಸಿದ ಹಿತಕಿದ ಬೇಳೆ, ಹೆಚ್ಚಿದ ಈರುಳ್ಳಿ. ನೀರು ಉಳಿದ್ರೆ ಕೆಳಗಿನ ರೊಟ್ಟಿ ಮೆತ್ತಗಾಗಿ ಹಾಳು. ಭಾನುವಾರ ನಾಟಿ ಕೋಳಿ ಹುರಿದದ್ದು ಮಿಕ್ಕಿದ್ರೆ ಅದೂ ಸರಿ. ಓವನ್ 250 ಡಿಗ್ರಿ. ಓವನ್ ಇಲ್ಲಾಂದ್ರೆ ರೊಟ್ಟಿ ಹೆಂಚು ಸಾಕು: ಒಂದು ಮಗ್ಗುಲು ಬೇಯಿಸಿ, ತಿರುವಿ, ಟಾಪಿಂಗ್ ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿ. ಇಳಿಸಿದ ಮೇಲೆ ಹುಚ್ಚೆಳ್ಳಿನ ಪುಡಿ ಉದುರಿಸಿ. ಆ ಘಮದ ಮುಂದೆ ಒರೆಗಾನೊ ಏನೂ ಅಲ್ಲ.

ಚೀಸ್ ಒಂದೇ ನಮ್ಮಲ್ಲಿಲ್ಲದ್ದು ಅಂತೀರಾ? ಮೊಝರೆಲ್ಲಾ ಮೂಲದಲ್ಲಿ ಎಮ್ಮೆ ಹಾಲಿನದ್ದು. ಎಮ್ಮೆಗೆ ನಮ್ಮ ಊರಲ್ಲಿ ಬರವಿಲ್ಲ. ಹಾಲನ್ನು ಚೀಸ್ ಮಾಡಿ ಮಾರೋ ಧೈರ್ಯಕ್ಕೆ ಬರ. ಸ್ಟಾರ್ಟಪ್ ಐಡಿಯಾ ಹುಡುಕ್ತಾ ಕಾಫಿ ಅಂಗಡಿಯಲ್ಲಿ ಕೂತಿರೋ ಗೆಳೆಯರು ಇದನ್ನು ಒಂಚೂರು ಯೋಚಿಸಲಿ.

ಊರಲ್ಲಿ ಇದನ್ನ ಹೆಂಚಿನ ಮೇಲೆ ಮಾಡಿ ಕೊಟ್ಟಾಗ ಅವ್ವ ಒಂದು ತುಂಡು ತಿಂದು, 'ರೊಟ್ಟಿ ಮ್ಯಾಕೆ ಅವ್ರೆಕಾಳು ಹಾಕಿದ್ದೀಯ, ಸರಿ ಕನ್ಲಾ ಮಗ. ಅದೇನು ಬಿಳೀದು ಅಂಟಂಟು?' ಅಂತು. ಚೀಸ್ ಅವ್ವ ಅಂದೆ. 'ಮುಂದಿನ ಸಲ ಅದ ಕಮ್ಮಿ ಹಾಕು, ಖಾರ ಜಾಸ್ತಿ ಹಾಕು' ಅಂದು ಇನ್ನೊಂದು ತುಂಡಿಗೆ ಕೈ ಹಾಕಿತು.